ಹಡಗಿನಲ್ಲಿ ಓಡಬೇಡಿ

ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು 31 ವರ್ಷ ಆಯಿತು. ಸುಮ್ನೆ ಕೂತು ಅಭ್ಯಾಸವಿಲ್ಲ. ಗಿರಾಕಿ ಇಲ್ಲದಿದ್ದರೂ ಥಾನು ಬಿಚ್ಚಿ ಮತ್ತೆ ಸುತ್ತುವವನು ನಾನು. ಅಂಥವನು ಮುಂಬೈಯಿಂದ ಲಕ್ಷದ್ವೀಪಕ್ಕೆ ಐದು ರಾತ್ರಿಯ ಕ್ರೂಸ್ ಹೋಗಿ ಬಂದೆ. ಮೊದಲ ದಿನ ಪೂರ್ತಿ ಹಾಳು ಮಾಡಿಕೊಂಡೆ. ನಿಮಗೆ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಕಡೆ ತಲೆ ಹಾಕಬೇಡಿ, ಅಲೆ ಜಾಸ್ತಿ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರ್ಮಿಟ್ ಬೇಕು, ಅದನ್ನು ಬುಕಿಂಗ್ ಮಾಡುವಾಗಲೇ ವಿಚಾರಿಸಿ. ವಾಂತಿಯ ಭಯ ಇದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನ ಕೋಣೆ ಕೇಳಿ. ಅಲ್ಲಿ ತೂಗಾಟ ಕಡಿಮೆ. ಬಾಲ್ಕನಿ ಬೇಕು ಅನ್ನುವವರು ಒಂದು ಲೆಕ್ಕ ನೆನಪಿಡಿ: ದಕ್ಷಿಣಕ್ಕೆ ಹೋಗುವಾಗ ಸೂರ್ಯ ಮುಳುಗುವುದು ಬಲಗಡೆ, ವಾಪಸ್ ಬರುವಾಗ ಎಡಗಡೆ. ಯಾವ ಕಡೆ ಕೋಣೆ ತಗೊಂಡರೂ ಒಂದು ದಾರಿಯಲ್ಲಿ ಸಿಕ್ಕೇ ಸಿಗುತ್ತದೆ. ಅದಕ್ಕೆ ಏಜೆಂಟ್ ಹತ್ತಿರ ಜಗಳ ಬೇಡ.

ಹೊರಗಿನ ತಿಂಡಿ ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿ. ನಾವು ಕೇಳಲಿಲ್ಲ. ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿಯನ್ನು ಬಂದರಿನ ಹೊರಗೆ ಬೆಂಚಿನ ಮೇಲೆ ಕೂತು ಮುಗಿಸಬೇಕಾಯಿತು. ಮುಂಬೈ ಗಾಳಿಗೆ ಅದು ಆಗಲೇ ಮೆತ್ತಗಾಗಿತ್ತು.

ಹತ್ತಿದ ಕೂಡಲೇ ಲೈಫ್ ಜಾಕೆಟ್ ತಾಲೀಮು ಇರುತ್ತದೆ. ತಪ್ಪಿಸಿಕೊಳ್ಳಬೇಡಿ. ಅದು ಮುಗಿದ ಮೇಲೆ ನಿಮ್ಮನ್ನು ಕೇಳುವವರಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ನಿದ್ದೆ ಬರಲ್ಲ.

ಇನ್ನು ನನ್ನ ತಪ್ಪು. ದಿನಾ ಒಂದು ಕಾರ್ಯಕ್ರಮದ ಪಟ್ಟಿ ಕೊಡುತ್ತಾರೆ. ಹತ್ತಕ್ಕೆ ಯೋಗ, ಹನ್ನೊಂದಕ್ಕೆ ತಂಬೋಲ, ಆಮೇಲೆ ಜಾದೂ, ಡ್ಯಾನ್ಸು. ದುಡ್ಡು ಕೊಟ್ಟಿದ್ದೀವಲ್ಲ, ಒಂದೂ ಬಿಡಬಾರದು ಅಂತ ಪೆನ್ನು ಹಿಡಿದು ಟಿಕ್ ಹಾಕುತ್ತಾ ಓಡಿದೆ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಹಿಡಿದುಕೊಂಡಿತು. ನಮ್ಮನೆಯವಳು ಬೆಳಗ್ಗೆಯಿಂದ ಹಿಂಬದಿ ಡೆಕ್‌ನಲ್ಲಿ ಒಂದೇ ಕುರ್ಚಿಯಲ್ಲಿ ಕೂತಿದ್ದಳು. "ರೀ, ಎಲ್ಲಿಗೆ ಓಡ್ತೀರಿ? ಹಡಗು ಬಿಟ್ಟು ಹೋಗಲ್ಲ. ಅದರೊಳಗೇ ಇದ್ದೀರಲ್ಲ" ಅಂದಳು.

ಪಕ್ಕದಲ್ಲಿ ಕೂತೆ. ಹಡಗಿನ ಹಿಂದೆ ನೊರೆಯ ದಾರಿ. ಹತ್ತಿರದಲ್ಲಿ ಬೆಳ್ಳಗೆ ಕುದಿಯುತ್ತದೆ, ಆಮೇಲೆ ತಿಳಿಹಸಿರು, ಇನ್ನೂ ಹಿಂದೆ ನುಣ್ಣಗೆ ಇಸ್ತ್ರಿ ಹಾಕಿದ ಪಟ್ಟಿಯ ಹಾಗೆ ದೂರದವರೆಗೆ ಮಲಗಿರುತ್ತದೆ. ಆವತ್ತು ಟಿವಿಯಲ್ಲಿ ಸ್ಪೀಡು 16 ನಾಟ್ ಅಂತ ತೋರಿಸುತ್ತಿತ್ತು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಲೆಕ್ಕ ಹಾಕಿದೆ, ಹತ್ತಿರ ಹತ್ತಿರ 30. ನನ್ನ ಹಳೇ ಲೂನಾದಲ್ಲಿ ಹರಿಹರಕ್ಕೆ ಹೋಗುತ್ತಿದ್ದ ಸ್ಪೀಡು! ಇಷ್ಟು ದೊಡ್ಡ ಹಡಗೇ ಲೂನಾ ಸ್ಪೀಡಲ್ಲಿ ಹೋಗುವಾಗ ನನಗೇನು ಅವಸರ?

ಎರಡನೇ ದಿನದಿಂದ ಪಟ್ಟಿಯಲ್ಲಿ ಒಂದೇ ಒಂದಕ್ಕೆ ಗುರುತು ಹಾಕಿದೆ. ನೀವೂ ಅಷ್ಟೇ ಮಾಡಿ. ಕೂರಲು ಒಂದು ಜಾಗ ಹಿಡಿಯಿರಿ, ದಿನಾ ಅದೇ ಹೊತ್ತಿಗೆ ಹೋಗಿ. ಮೂರನೇ ದಿನ ಚಹಾ ಕೊಡುವ ಹುಡುಗ ಕೇಳದೇ ಸಕ್ಕರೆ ಕಮ್ಮಿ ಹಾಕಿ ತರುತ್ತಾನೆ. ತಿಂಡಿಗೆ ಬಾಗಿಲು ತೆಗೆದ ಕೂಡಲೇ ನುಗ್ಗಬೇಡಿ, ಅರ್ಧ ಗಂಟೆ ಬಿಟ್ಟು ಹೋದರೆ ಕಿಟಕಿ ಪಕ್ಕದ ಟೇಬಲ್ಲೇ ಸಿಗುತ್ತದೆ. ದೋಸೆಯ ಮೇಲೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಪಕ್ಕದಲ್ಲಿ ಬೆಣ್ಣೆಯ ಪುಟ್ಟ ಪೊಟ್ಟಣ ಇಟ್ಟಿದ್ದರು. ದಾವಣಗೆರೆಯವನ ಮುಂದೆ!

ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ಹಡಗು ದಡಕ್ಕೆ ಹೋಗಲ್ಲ, ದೂರದಲ್ಲೇ ನಿಲ್ಲುತ್ತದೆ. ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ. ಮೊದಲ ದೋಣಿಗೆ ನೂಕಾಡುವವರನ್ನು ಹೋಗಲು ಬಿಡಿ.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಅವರೇ ಇಳಿಸಿಕೊಡುತ್ತಾರೆ. ಬೆಳಗ್ಗೆಗೆ ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ತೆಗೆದಿಡಿ. ನಾನು ಎಲ್ಲಾ ಅಂಗಿಗಳನ್ನೂ ನೀಟಾಗಿ ಮಡಚಿ ಬ್ಯಾಗಿಗೆ ತುಂಬಿ ಹೊರಗಿಟ್ಟೆ. ಮುಂಬೈಯಲ್ಲಿ ಇಳಿಯುವಾಗ ಬಟ್ಟೆ ಅಂಗಡಿ ಯಜಮಾನರ ಮೈಮೇಲೆ ಇದ್ದದ್ದು ಬನಿಯನ್ನು, ಅದರ ಮೇಲೆ ಹೆಂಡತಿಯ ಹೂವಿನ ಶಾಲು.