ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಮೂಲೆ ಒತ್ತಿ ಹಿಡಿಯಿರಿ
ಡ್ರಾಪ್ಸ್ ಹಾಕಿದ ತಕ್ಷಣ ಕಣ್ಣು ಪಿಳಿಪಿಳಿ ಮಿಟುಕಿಸಬೇಡಿ. ಮುಚ್ಚಿಕೊಂಡು, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ 2 ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಅಲ್ಲೇ ಇರುವುದು. ಅದನ್ನು ತಡೆದರೆ ಔಷಧಿ ಕಣ್ಣಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತದೆ. ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲು ಕಹಿ ಆಗುತ್ತೆ ಅಲ್ವಾ? ಅದು ಹಾಗೆ ಇಳಿದು ಹೋದ ಔಷಧಿಯೇ! ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೆಯದು ಕೆನ್ನೆ ಮೇಲೆ ಹರಿದು ಸುಮ್ನೆ ದಂಡ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ. ನಮ್ಮ ಮಂಡ್ಯದ ಕಡೆ ಕಬ್ಬಿನ ಗದ್ದೆಯಿಂದ ಬಂದವರು ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಕಬ್ಬಿನ ಸುಂಕು (ಎಲೆಯ ಮೇಲಿನ ಚುಚ್ಚುವ ಸಣ್ಣ ಕೂದಲು) ಬೆರಳಲ್ಲೇ ಇರುತ್ತದೆ. ಮೂಗಿನ ಎಲುಬನ್ನು ಒತ್ತಿದರೆ ಪ್ರಯೋಜನವಿಲ್ಲ. ಪೊರೆ ಆಪರೇಷನ್ ಆದ ಹೊಸದರಲ್ಲಿ ಡಾಕ್ಟರನ್ನು ಕೇಳದೆ ಒತ್ತಲೇಬೇಡಿ.