ಹೊಸ ಸ್ಪೀಕರ್ ತರುವ ಮೊದಲು ಹಳೆಯದನ್ನು ಗೋಡೆಯಿಂದ ಈಚೆ ಎಳೆಯಿರಿ

ಹೋದ ತಿಂಗಳು ನನ್ನ ತಂಗಿಯ ಮಗ ಉಡುಪಿಯಲ್ಲೇ ಹೊಸ ಫ್ಲ್ಯಾಟಿಗೆ ಬಂದ. ಅವನ ಹತ್ತಿರ ಒಳ್ಳೆಯ ಆಂಪ್ಲಿಫೈಯರ್ ಉಂಟು, ಎರಡು ಸ್ಪೀಕರ್, ಬೇಸ್‌ಗೆ, ಅಂದರೆ ದಪ್ಪ ತಗ್ಗು ನಾದಕ್ಕೆಂದೇ ಇರುವ ಒಂದು ಸಬ್‌ವೂಫರ್. "ದೊಡ್ಡಮ್ಮ, ಬಾಡಿಗೆ ಮನೆಯಲ್ಲಿ ಎಷ್ಟು ಚಂದ ಕೇಳ್ತಿತ್ತು. ಇಲ್ಲಿ ಬರೀ ಗುಂಯ್ ಅನ್ನುತ್ತದೆ. ಸೆಟ್ ಹಾಳಾಯ್ತಾ? ಹೊಸತು ತಗೊಳ್ಳಬೇಕಾ?" ಎಂದು ಫೋನಿನಲ್ಲಿ ಕೇಳಿದ. ದುಡ್ಡು ಸುರಿಯುವ ಮೊದಲು ನಾನೊಮ್ಮೆ ಬಂದು ನೋಡುತ್ತೇನೆ ಎಂದೆ.

ಹೋಗಿ ನೋಡಿದರೆ ಸ್ಪೀಕರ್ ಎರಡೂ ಟೀವಿ ಶೋಕೇಸಿನ ಗೂಡಿನೊಳಗೆ, ಹಿಂದಿನ ಗೋಡೆಗೆ ಒತ್ತಿಕೊಂಡು ಕೂತಿವೆ. ಸಬ್‌ವೂಫರ್ ಸೋಫಾದ ಹಿಂದೆ ಮೂಲೆಯಲ್ಲಿ. ನೆಲಕ್ಕೆ ಹೊಳೆಯುವ ಟೈಲ್ಸ್, ಒಂದು ಕಡೆ ಇಡೀ ಗಾಜಿನ ಕಿಟಕಿ, ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಕೂಡ ಇಲ್ಲ. ನಾನು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಚಪ್ಪಾಳೆ ಮುಗಿದ ಮೇಲೂ ಮೇಲಿನಿಂದ 'ಠಿರ್ರ್' ಎಂದು ಒಂದು ಬಾಲ ಉಳಿಯಿತು. ನೀವೂ ನಿಮ್ಮ ಮನೆಯಲ್ಲಿ ಒಮ್ಮೆ ಹೊಡೆದು ನೋಡಿ. ಆ ಬಾಲ ಇದ್ದರೆ ಎಷ್ಟು ದುಬಾರಿ ಸೆಟ್ ತಂದರೂ ಮಾತು ಕಲಸಿದ ಹಾಗೆಯೇ ಕೇಳುತ್ತದೆ.

ನಮ್ಮ ಹಳೆ ಹಂಚಿನ ಮನೆಯಲ್ಲಿ ಈ ತೊಂದರೆ ಇರಲಿಲ್ಲ. ಇಳಿಜಾರು ಮಾಡು, ಹಂಚಿನ ಸಂದಿನಲ್ಲಿ ಶಬ್ದ ಹೊರಗೆ ಹೋಗುತ್ತಿತ್ತು. ಮೇಲೆ ಮರದ ಮುಚ್ಚಿಗೆ, ಚಾವಡಿಯಲ್ಲಿ ಹಾಸಿದ ಚಾಪೆ, ಹಗ್ಗದಲ್ಲಿ ಒಣಗಿಸಿದ ಬಟ್ಟೆ. ಎರಡು ಸಾಧಾರಣ ಪೆಟ್ಟಿಗೆ ಸ್ಪೀಕರಿನಲ್ಲಿ ತಾಳಮದ್ದಲೆಯ ಕ್ಯಾಸೆಟ್ ಹಾಕಿದರೆ ಅರ್ಥಧಾರಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಇರುತ್ತಿತ್ತು. ಕಾಂಕ್ರೀಟಿನ ಚೌಕ ಕೋಣೆಯಲ್ಲಿ ಶಬ್ದಕ್ಕೆ ಹೋಗಲು ದಾರಿಯೇ ಇಲ್ಲ. ಆರು ಕಡೆ ಬಡಿದು ವಾಪಸು ಬರುತ್ತದೆ.

ಹಾಗಾಗಿ ನಾನು ಮೊದಲು ಹೇಳುವುದು ಜಾಗದ ವಿಷಯ. ಸ್ಪೀಕರನ್ನು ಗೂಡಿನಿಂದ ಹೊರಗೆ ತೆಗೆಯಿರಿ. ಹಿಂದಿನ ಗೋಡೆಯಿಂದ ಕಡಿಮೆ ಅಂದರೆ ಒಂದು ಮೊಳ, ಜಾಗ ಇದ್ದರೆ ಎರಡು ಮೊಳ ಈಚೆ ಎಳೆಯಿರಿ. ಗೋಡೆಗೆ ಒತ್ತಿದಷ್ಟೂ ಬೇಸ್ ಜಾಸ್ತಿ ಆಗುತ್ತದೆ, ಮೂಲೆಗೆ ತಳ್ಳಿದರೆ ಇನ್ನೂ ಜಾಸ್ತಿ. ಕೇಳಲು ಮೊದಲು ಖುಷಿ ಅನಿಸುತ್ತದೆ, ಆದರೆ ಆ ಬೇಸ್ ಮದ್ದಳೆಯದ್ದಲ್ಲ, ನಿಮ್ಮ ಗೋಡೆಯದ್ದು. ಮದ್ದಳೆಯಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ನಾದ ಉಂಟಲ್ವಾ, ಅದು ಆ ಗುಂಯ್‌ನಲ್ಲಿ ಮುಳುಗಿಹೋಗುತ್ತದೆ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ಅವುಗಳಿಂದ ನೀವು ಕೂರುವ ಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಇರಲಿ. ಪೆಟ್ಟಿಗೆಯಲ್ಲಿರುವ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕೂತಾಗ ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಮೂರು ಅಡಿ ಮೇಲೆ. ಸ್ಪೀಕರ್ ಇಟ್ಟ ಸ್ಟೂಲ್ ಗಿಡ್ಡ ಆದರೆ ಸ್ಪೀಕರಿನ ಮುಂದಿನ ಅಂಚಿಗೆ ಏನಾದರೂ ಕೊಟ್ಟು ಸ್ವಲ್ಪ ಮೇಲೆ ಮುಖ ಮಾಡಿಸಿದರೆ ಸಾಕು. ಸೋಫಾ ಕೂಡ ಹಿಂದಿನ ಗೋಡೆಗೆ ತಾಗಿಸಬೇಡಿ. ಅರ್ಧ ಮೊಳ ಮುಂದೆ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ.

ಸ್ಪೀಕರಿನ ಕೆಳಗೆ ಹಳೆ ಹವಾಯಿ ಚಪ್ಪಲಿಯನ್ನು ಕತ್ತರಿಸಿ ನಾಲ್ಕು ತುಂಡು ಇಡಿ. ಮೇಜು ಗಲಗಲ ಅನ್ನುವುದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಎಷ್ಟೋ ದಿನ ಸ್ಪೀಕರ್ ಒಡೆದಿದೆ ಎಂದುಕೊಂಡಿದ್ದೆ. ನೋಡಿದರೆ ಚೆಂಡೆಯ ಪ್ರತಿ ಪೆಟ್ಟಿಗೂ ಕಪಾಟಿನ ಗಾಜು ನಡುಗುತ್ತಿತ್ತು.

ಸಬ್‌ವೂಫರ್ ಇದ್ದವರಿಗೆ ಒಂದು ಉಪಾಯ. ಅದನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಟ್ಟು ಒಂದು ಬೇಸ್ ಇರುವ ಹಾಡು ಹಾಕಿ. ಆಮೇಲೆ ಕೋಣೆಯ ಅಂಚಿನಲ್ಲಿ ತಲೆ ತಗ್ಗಿಸಿ ನಡೆಯುತ್ತಾ ಹೋಗಿ. ಒಂದು ಕಡೆ ಗುಂಯ್, ಒಂದು ಕಡೆ ಏನೂ ಇಲ್ಲ, ಒಂದು ಕಡೆ ಹದವಾಗಿ ಕೇಳುತ್ತದೆ. ಹದವಾಗಿ ಕೇಳಿದ ಜಾಗದಲ್ಲಿ ಸಬ್‌ವೂಫರ್ ಇಡಿ. 50 ಹರ್ಟ್ಸಿನ ಬೇಸ್ ಅಲೆ ಒಂದೇ ಸುಮಾರು ಏಳು ಮೀಟರ್ ಉದ್ದ. ನಮ್ಮ ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಅದು ಎಲ್ಲ ಕಡೆ ಒಂದೇ ಸಮ ಹರಡುವುದಿಲ್ಲ. ತಂಗಿಯ ಮಗನ ಮನೆಯಲ್ಲಿ ಟೀವಿಯ ಬಲಬದಿ, ಮೂಲೆಯಿಂದ ಎರಡು ಅಡಿ ಈಚೆ ಆ ಜಾಗ ಸಿಕ್ಕಿತು. "ಇದಕ್ಕೆ ದುಡ್ಡೇ ಬೇಡ್ವಲ್ಲ ದೊಡ್ಡಮ್ಮ!" ಎಂದ. ಸಬ್‌ವೂಫರ್ ಇಲ್ಲದೆ ಸ್ಪೀಕರಿನ ಹಿಂದಿನ ತೂತಿನಿಂದಲೇ ಬೇಸ್ ಉಕ್ಕುತ್ತಿದ್ದರೆ ಒಂದು ಹತ್ತಿಯ ಸಾಕ್ಸ್ ಸುತ್ತಿ ಆ ತೂತಿಗೆ ಸಡಿಲವಾಗಿ ತುರುಕಿ ನೋಡಿ.

ಇನ್ನು ಗೋಡೆ. ಸ್ಪೀಕರಿನ ಶಬ್ದ ನೇರ ಕಿವಿಗೆ ಬರುವುದು ಒಂದು, ಪಕ್ಕದ ಗೋಡೆಗೆ ಬಡಿದು ಸ್ವಲ್ಪ ತಡವಾಗಿ ಬರುವುದು ಇನ್ನೊಂದು. ಎರಡೂ ಸೇರಿದಾಗ ಅಕ್ಷರ ಮಸುಕಾಗುತ್ತದೆ. ಆ ಜಾಗ ಹುಡುಕಲು ನೀವು ಕೂತಲ್ಲೇ ಕೂರಿ, ಮನೆಯವರ ಕೈಗೆ ಒಂದು ಕನ್ನಡಿ ಕೊಟ್ಟು ಪಕ್ಕದ ಗೋಡೆಗೆ ತಾಗಿಸಿ ಸರಿಸುತ್ತಾ ಹೋಗಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ ಏನಾದರೂ ದಪ್ಪದ್ದು ಬೇಕು. ಪುಸ್ತಕದ ಕಪಾಟು ಎಲ್ಲಕ್ಕಿಂತ ಒಳ್ಳೆಯದು, ಎತ್ತರ ತಗ್ಗಿನ ಪುಸ್ತಕಗಳು ಶಬ್ದವನ್ನು ಒಡೆದು ಹರಡುತ್ತವೆ. ಇಲ್ಲದಿದ್ದರೆ ಮಡಿಕೆ ಮಡಿಕೆಯಾಗಿ ಬೀಳುವ ದಪ್ಪ ಪರದೆ. ನೆಲಕ್ಕೆ ಸೋಫಾದ ಮುಂದೆ ಒಂದು ಜಮಖಾನ. ಮೊಟ್ಟೆಯ ಟ್ರೇ, ಥರ್ಮೊಕೋಲ್ ಅಂಟಿಸುವುದು ಬೇಡ, ಅದರಿಂದ ಗೋಡೆ ಹಾಳಾಗುವುದೇ ಬಂತು. ನಮ್ಮ ಊರಿನ ಮಳೆಗೆ ದಪ್ಪ ಬಟ್ಟೆ ಬೂಷ್ಟು ಹಿಡಿಯುತ್ತದೆ, ಅದೊಂದು ಕಷ್ಟ. ಆದ್ದರಿಂದ ತೆಗೆದು ಬಿಸಿಲಿಗೆ ಹಾಕಲು ಬರುವ ಹಾಗೆ ಕೊಂಡಿಯಲ್ಲಿ ತೂಗುಹಾಕಿ, ಮೊಳೆ ಹೊಡೆದು ಕೂರಿಸಬೇಡಿ.

ಈಗ ನಾನೇ ಅನುಭವಿಸಿದ ಒಂದು ವಿಷಯ ಹೇಳುತ್ತೇನೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದೆವು. ಕೆಲಸದವರು ಸ್ಪೀಕರಿನ ವಯರ್ ಬಿಚ್ಚಿಟ್ಟು ಕೊನೆಗೆ ಅವರೇ ಸಿಕ್ಕಿಸಿ ಹೋದರು. ಅವತ್ತಿನಿಂದ ಚೆಂಡೆಗೆ ಜೀವವೇ ಇಲ್ಲ. ಪೆಟ್ಟು ಕೇಳುತ್ತದೆ, ಎದೆಗೆ ತಾಗುವುದಿಲ್ಲ. ಪದ್ಯ ಹಾಡುವ ಭಾಗವತರ ಸ್ವರ ಎಲ್ಲಿಂದ ಬರುತ್ತದೆ ಎಂದೇ ತಿಳಿಯುವುದಿಲ್ಲ, ತಲೆಯ ಸುತ್ತ ತೇಲಿದ ಹಾಗೆ. ಒಂದು ಅಂಗಡಿಯಲ್ಲಿ ಕೇಳಿದರೆ "ಹಳೆ ಸೆಟ್ ಅಲ್ವಾ, ಹೋಯ್ತು, ಹೊಸತು ತಗೊಳ್ಳಿ" ಎಂದರು. ನಾಲ್ಕು ತಿಂಗಳು ಹಾಗೆಯೇ ಕೇಳಿದೆ. ಒಂದು ಮಧ್ಯಾಹ್ನ ಧೂಳು ಒರೆಸುವಾಗ ಕಣ್ಣಿಗೆ ಬಿತ್ತು. ಬಲದ ಸ್ಪೀಕರಿನಲ್ಲಿ ಕೆಂಪು ತೂತಿಗೆ ಕೆಂಪು ವಯರ್, ಕಪ್ಪಿಗೆ ಕಪ್ಪು. ಎಡದ್ದರಲ್ಲಿ ಕೆಂಪಿಗೆ ಕಪ್ಪು! ಸೆಟ್ ಆಫ್ ಮಾಡಿ ಎರಡು ವಯರ್ ಅದಲುಬದಲು ಮಾಡಿದೆ. ಅದೇ ಪದ್ಯ ಮತ್ತೆ ಹಾಕಿದೆ. ಭಾಗವತರು ಎರಡು ಸ್ಪೀಕರ್ ನಡುವೆ, ಏನೂ ಇಲ್ಲದ ಖಾಲಿ ಜಾಗದಲ್ಲಿ, ಬಂದು ಕೂತರು. ನನಗೆ ಕಣ್ಣು ತುಂಬಿ ಬಂತು.

ಆದದ್ದು ಇಷ್ಟೇ. ಒಂದು ಸ್ಪೀಕರಿನ ಕೋನ್, ಅಂದರೆ ಮುಂದೆ ಹಿಂದೆ ಅದುರುವ ಬಟ್ಟಲಿನಂಥ ಭಾಗ, ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿತ್ತು. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡರೆ ಬೇಸ್ ಎಲ್ಲಿ ಉಳಿಯುತ್ತದೆ? ನಿಮ್ಮದು ಸರಿ ಇದೆಯಾ ಎಂದು ನೋಡಲು ಒಬ್ಬರೇ ಮಾತಾಡುವ ಧ್ವನಿ, ರೇಡಿಯೊ ವಾರ್ತೆ ಆದರೂ ಸಾಕು, ಹಾಕಿ ನಡುವೆ ಕೂರಿ. ಮಾತು ನಡುವಿನಿಂದ ಬರಬೇಕು. ವಯರಿನಲ್ಲಿ ಬಣ್ಣದ ಗುರುತೇ ಇಲ್ಲದಿದ್ದರೆ, ಅದನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಚ್ಚಿ ಆ ತುದಿಗೆ 1.5 ವೋಲ್ಟಿನ ಗಡಿಯಾರದ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಸ್ಪೀಕರಿನ ಮುಂದಿನ ಬಟ್ಟೆ ತೆಗೆದು ನೋಡಿ, ದೊಡ್ಡ ಕೋನ್ ಮುಂದಕ್ಕೆ ಹಾರಿದರೆ ಸೆಲ್ಲಿನ ಪ್ಲಸ್ ತಾಗಿದ ವಯರೇ ಪ್ಲಸ್. ಅದಕ್ಕೊಂದು ಗಂಟು ಹಾಕಿ ಗುರುತು ಮಾಡಿ. ಬಿಟ್ಟುಬಿಟ್ಟು ಮುಟ್ಟಿಸಿ, ಹಿಡಿದುಕೊಂಡೇ ಇರಬೇಡಿ.

ವಯರಿನ ಮಾತು ಬಂದಾಗ ಉಪ್ಪುಗಾಳಿಯ ಮಾತು ಬರಲೇಬೇಕು. ನಮ್ಮ ಮನೆಯಿಂದ ಮಲ್ಪೆ ಕಡಲು ದೂರವಿಲ್ಲ. ಕಿಟಕಿ ಸರಳಿಗೆ ತುಕ್ಕು ಹಿಡಿಯುವ ಹಾಗೆಯೇ ತಾಮ್ರದ ವಯರಿನ ತುದಿಗೆ ಕಿಲುಬು ಹಿಡಿಯುತ್ತದೆ. ಬಿಚ್ಚಿ ನೋಡಿದರೆ ತುದಿ ಕಪ್ಪಾಗಿ, ಮೇಲೆ ಹಸಿರು ಪುಡಿ ಕೂತಿರುತ್ತದೆ. ಒಂದು ಸ್ಪೀಕರ್ ಆಗಾಗ ಸಣ್ಣಗೆ ಕೇಳುವುದು, ಕರಕರ ಅನ್ನುವುದು ಬಹಳ ಸಲ ಇದರಿಂದಲೇ. ಆ ಅರ್ಧ ಇಂಚು ಕತ್ತರಿಸಿ ಬಿಸಾಡಿ. ಹೊಸದಾಗಿ ಸಿಪ್ಪೆ ಬಿಡಿಸಿ, ಕೆಂಪಗೆ ಹೊಳೆಯುವ ತಾಮ್ರವನ್ನು ಬಿಗಿಯಾಗಿ ಹುರಿಮಾಡಿ ಸಿಕ್ಕಿಸಿ. ಒಂದು ಎಳೆಯೂ ಪಕ್ಕದ ತೂತಿಗೆ ತಾಗಬಾರದು, ತಾಗಿದರೆ ಆಂಪ್ಲಿಫೈಯರಿಗೇ ಪೆಟ್ಟು. ಆಂಪ್ಲಿಫೈಯರಿನ ಹಿಂದಿನ ಕೆಂಪು-ಬಿಳಿ ಪಿನ್ನುಗಳನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಿ. ದೇವರ ದೀಪ ತಿಕ್ಕುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಬೇಡಿ, ಹುಳಿ ಒಳಗೆ ಉಳಿದು ಮತ್ತೂ ಕಿಲುಬು ಹಿಡಿಸುತ್ತದೆ. ನಾನು ಈ ಕೆಲಸಕ್ಕೆ ಆಯುಧ ಪೂಜೆಯ ಹಿಂದಿನ ದಿನ ಇಟ್ಟುಕೊಂಡಿದ್ದೇನೆ. ಮಳೆ ಮುಗಿದಿರುತ್ತದೆ, ಹೇಗೂ ಮಿಕ್ಸಿ, ಹೊಲಿಗೆ ಮೆಶಿನ್ ಎಲ್ಲ ಒರೆಸುವ ದಿನ.

ದುಬಾರಿ ಸ್ಪೀಕರ್ ಕೇಬಲ್ ಬೇಕಾ ಎಂದು ಕೇಳುತ್ತಾರೆ. ಬೇಡ. ಎಲೆಕ್ಟ್ರಿಕ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ ವಯರ್ ಐದು ಮೀಟರ್ ದೂರಕ್ಕೆ ಧಾರಾಳ ಸಾಕು. ಹತ್ತು ಮೀಟರ್ ದಾಟಿದರೆ 2.5 ತನ್ನಿ. ಸೆಟ್ಟಿನ ಜೊತೆ ಬರುವ ಕೂದಲಿನಂಥ ವಯರ್ ಮಾತ್ರ ಬದಲಾಯಿಸಿ. ಕರೆಂಟಿನ ವಯರಿಗೆ ತಾಗಿಸಿ ಇದನ್ನು ಕಟ್ಟಬೇಡಿ.

ಹಾಡು ಇಲ್ಲದಾಗಲೂ 'ಹೂಂ' ಎಂಬ ಸದ್ದು ಬರುತ್ತಿದ್ದರೆ ಡಿಶ್‌ನ ಅಥವಾ ಕೇಬಲ್ ಟೀವಿಯ ವಯರನ್ನು ಒಮ್ಮೆ ಬಿಚ್ಚಿ ನೋಡಿ. ಸದ್ದು ನಿಂತರೆ ದಾರಿ ಸಿಕ್ಕಿತು, ಎರಡು ಕಡೆ ಅರ್ತಿಂಗ್ (ನೆಲಕ್ಕೆ ಹೋಗುವ ವಯರ್) ಆಗಿ ಸುತ್ತು ಬಿದ್ದಿದೆ. ಆಂಪ್ಲಿಫೈಯರ್, ಟೀವಿ, ಸೆಟ್‌ಟಾಪ್ ಬಾಕ್ಸ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಸರಿಯಾಗುತ್ತದೆ. ಸದ್ದು ಹೋಗಲಿ ಎಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವ ಕಾಯುವ ಪಿನ್. ಕರೆಂಟ್ ಹೋದಾಗ ಮಾತ್ರ ಸದ್ದು ಬಂದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದಾ, ಅಂದರೆ ನಯವಾದ ಅಲೆಯ ಬದಲು ಚೌಕಚೌಕದ ಅಲೆಯ ಕರೆಂಟ್ ಕೊಡುವುದಾ, ಎಂದು ನೋಡಿ.

ಫೋನಿನಿಂದ ಕೇಳುವವರು ಫೋನಿನ ವಾಲ್ಯೂಮ್ ಮುಕ್ಕಾಲಿನ ಮೇಲೆ ಇಟ್ಟು ಆಂಪ್ಲಿಫೈಯರಿನಲ್ಲಿ ಕಡಿಮೆ ಮಾಡಿ. ಉಲ್ಟಾ ಮಾಡಿದರೆ 'ಸ್ಸ್' ಎನ್ನುವುದೂ ದೊಡ್ಡದಾಗುತ್ತದೆ. ಬೇಸ್ ಬೂಸ್ಟ್, ಈಕ್ವಲೈಸರ್ ಎಲ್ಲ ಆಫ್ ಮಾಡಿ, ಜಾಗ ಸರಿಮಾಡಿದ ಮೇಲೆ ಅದು ಬೇಕಾಗುವುದೇ ಇಲ್ಲ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಆಡಿಯೊದಲ್ಲಿ ಸೆಟ್ಟಿನ ಗುಣ ಅಳೆಯಬೇಡಿ. ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಹಾಕುವಾಗ ಗರಗರ ಅಂದರೆ ಏರಿಯಲ್ ತೂತಿಗೆ 75 ಸೆಂಟಿಮೀಟರ್ ವಯರ್ ಸಿಕ್ಕಿಸಿ ಕಿಟಕಿಯ ಹತ್ತಿರ ನೇರ ಎಳೆದು ಕಟ್ಟಿ. ಆ ಅಲೆ ಸುಮಾರು ಮೂರು ಮೀಟರ್, ಅದರ ಕಾಲು ಭಾಗದ ಉದ್ದ ಚೆನ್ನಾಗಿ ಹಿಡಿಯುತ್ತದೆ.

ಮಳೆಗಾಲದಲ್ಲಿ ಸೆಟ್ಟನ್ನು ಪ್ಲಾಸ್ಟಿಕ್ ಸುತ್ತಿ ಮುಚ್ಚಿಡಬೇಡಿ, ತೇವ ಒಳಗೇ ಕೂರುತ್ತದೆ. ದಿನಕ್ಕೆ ಅರ್ಧ ಗಂಟೆ ಆದರೂ ಹಾಕಿ, ಅದರ ಬಿಸಿಗೆ ಒಳಗೆ ಒಣಗುತ್ತದೆ. ಸಿಡಿಲು ಬರುವ ಲಕ್ಷಣ ಕಂಡರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ ಮತ್ತು ಡಿಶ್ ವಯರ್ ಎರಡೂ ಕೀಳಿ.

ಇಷ್ಟೆಲ್ಲ ಮಾಡಿಯೂ ಒಂದು ಸ್ಪೀಕರ್ ಪರಪರ ಎಂದರೆ ಬಟ್ಟೆ ತೆಗೆದು ದೊಡ್ಡ ಕೋನಿನ ಸುತ್ತಲಿನ ಫೋಮ್ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ನಮ್ಮ ಸೆಕೆಗೆ ಅದು ಹಲವು ವರ್ಷದಲ್ಲಿ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅದಕ್ಕೂ ಹೊಸ ಸ್ಪೀಕರ್ ಬೇಡ, ಅಂಚು ಮಾತ್ರ ಬದಲಾಯಿಸಿ ಕೊಡುವ ರಿಪೇರಿಯವರು ಇದ್ದಾರೆ. ಕೊಡುವ ಮೊದಲು ಒಳಗಿನ ಯಾವ ವಯರ್ ಯಾವ ಕಡೆ ಉಂಟು ಎಂದು ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ವಾಪಸು ತಂದ ದಿನ ನಡುವೆ ಕೂತು ಒಂದು ಪದ್ಯ ಕೇಳಿ, ಭಾಗವತರು ನಡುವೆಯೇ ಕೂತಿದ್ದಾರಾ ನೋಡಿ.