ಸ್ಕಿನ್ನರ್ ಹೇಳಿದಂತೆ ನಾಯಿಗೆ ಚಾಪೆ ಕಲಿಸುವುದು

ನಾವು ಊಟಕ್ಕೆ ಕೂತರೆ ಸಾಕು, ನಮ್ಮ ಕರಿಯ ಬೊಗಳಲು ಶುರು ಮಾಡುತ್ತಿದ್ದ. ಗದರಿಸಿದೆ, ಹೊರಗೆ ಕಟ್ಟಿಹಾಕಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರಿಂದ. ಪ್ರಾಣಿಗಳಿಗೆ ಕಲಿಸುವುದು ಹೇಗೆ ಅಂತ ಅವರು 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಒಂದು ಲೇಖನ ಬರೆದಿದ್ದರು. ಆ ದಾರಿಯಲ್ಲೇ ಕರಿಯನಿಗೆ, ಬೊಗಳುವ ಬದಲು ಚಾಪೆ ಮೇಲೆ ಮಲಗುವುದನ್ನು ಕಲಿಸಿದೆ.

ಟಿಕ್ ಅನ್ನುವ ಒಂದು ಬಟನ್ ಪೆನ್ನು ತಗೊಳ್ಳಿ. ನಾಯಿಗೆ ಇಷ್ಟವಾದ ತಿಂಡಿಯನ್ನು ಬಟಾಣಿ ಕಾಳಿನಷ್ಟು ಚಿಕ್ಕದಾಗಿ ಚೂರು ಮಾಡಿಡಿ. ಹೊಟ್ಟೆ ತುಂಬಿದ ನಾಯಿಗೆ ಪಾಠ ಬೇಡ, ಊಟಕ್ಕೆ ಮುಂಚೆಯೇ ಕೂರಿಸಿಕೊಳ್ಳಿ.

ಮೊದಲು ಬರೀ ಟಿಕ್ ಮಾಡಿ, ತಕ್ಷಣ ಒಂದು ಚೂರು ಕೊಡಿ. ಮತ್ತೆ ಟಿಕ್, ಮತ್ತೆ ಚೂರು. ಸದ್ದಾದ ಕೂಡಲೇ ನಾಯಿ ತಿರುಗಿ ನಿಮ್ಮ ಕೈ ನೋಡಿದರೆ ಈ ಹಂತ ಮುಗಿಯಿತು. ಸದ್ದು ಯಾಕೆ ಬೇಕು ಅಂದರೆ, ತಿಂಡಿ ಬಾಯಿಗೆ ತಲುಪುವಷ್ಟರಲ್ಲಿ ನಾಯಿ ಬೇರೇನೋ ಮಾಡುತ್ತಿರುತ್ತದೆ. ಸದ್ದು ಮಾತ್ರ ಸರಿಯಾದ ಆ ಕ್ಷಣವನ್ನೇ ಹಿಡಿಯುತ್ತದೆ.

ಈಗ ಚಾಪೆ ಹಾಸಿ, ಸುಮ್ನೆ ಕೂತುಕೊಳ್ಳಿ. ಕರೆಯಬೇಡಿ, ತಳ್ಳಬೇಡಿ. ನಾಯಿ ಚಾಪೆ ಕಡೆ ನೋಡಿದರೂ ಸಾಕು, ಟಿಕ್. ನೋಡುವುದು ಪಕ್ಕಾ ಆದ ಮೇಲೆ ಒಂದು ಹೆಜ್ಜೆ ಇಟ್ಟರೆ ಮಾತ್ರ ಟಿಕ್. ಆಮೇಲೆ ಒಂದು ಕಾಲು ಚಾಪೆ ಮೇಲೆ, ಆಮೇಲೆ ನಾಲ್ಕೂ, ಕೊನೆಗೆ ಮಲಗಿದರೆ ಮಾತ್ರ.

ಈ ‘ನೋಡಿದರೂ ಸಾಕು’ ಅನ್ನುವುದರಲ್ಲೇ ಎಲ್ಲ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸ್ಕಿನ್ನರ್ ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮೇಲ್ಮಹಡಿಯಲ್ಲಿ, ಬಾಂಬಿಗೆ ದಾರಿ ತೋರಿಸಲು ಪಾರಿವಾಳಗಳನ್ನು ತಯಾರು ಮಾಡುತ್ತಿದ್ದರು. 1943ರಲ್ಲಿ ಒಂದು ದಿನ, ಕೊಕ್ಕಿನಿಂದ ಚೆಂಡು ಹೊಡೆಯುವುದನ್ನು ಒಂದು ಪಾರಿವಾಳಕ್ಕೆ ಕಲಿಸಲು ಹೊರಟರು. ಅದು ಚೆಂಡನ್ನು ಹೊಡೆಯಲಿ, ಆಮೇಲೆ ಕಾಳು ಕೊಡೋಣ ಅಂತ ಕಾದರು. ಪಾರಿವಾಳ ಹೊಡೆಯಲೇ ಇಲ್ಲ. ಬರೀ ಚೆಂಡನ್ನು ನೋಡಿದ್ದಕ್ಕೇ ಕಾಳು ಕೊಡಲು ಶುರು ಮಾಡಿದರು ನೋಡಿ, ಕೆಲವೇ ನಿಮಿಷಗಳಲ್ಲಿ ಚೆಂಡು ಪಾರಿವಾಳವಿದ್ದ ಡಬ್ಬಿಯ ಗೋಡೆಗಳಿಗೆ ಬಡಿದು ಪುಟಿಯುತ್ತಿತ್ತು!

ನಾನು ಎಡವಿದ್ದು ಟಿಕ್ ಮಾಡುವ ಹೊತ್ತಿನಲ್ಲಿ. ಕರಿಯ ಮೊದಲ ಸಲ ಮುಂಗಾಲು ಚಾಪೆ ಮೇಲಿಟ್ಟಾಗ ಖುಷಿಯಲ್ಲಿ ನೋಡುತ್ತಾ ಕೂತುಬಿಟ್ಟೆ. ಪೆನ್ನು ಒತ್ತುವಷ್ಟರಲ್ಲಿ ಅವನು ಕಾಲು ಎತ್ತುತ್ತಿದ್ದ. ಹೀಗೇ ಮೂರ್ನಾಲ್ಕು ಸಲ ಆಯಿತು. ಆಮೇಲೆ ನೋಡಿದರೆ, ಬಿಸಿ ಕಾವಲಿ ಮುಟ್ಟಿದವನ ಹಾಗೆ ಕಾಲಿಟ್ಟು ಥಟ್ಟನೆ ತೆಗೆಯುತ್ತಿದ್ದಾನೆ, ಕಣ್ಣು ನನ್ನ ಕೈ ಮೇಲೆ. ಪಾಪ, ನಾನು ಕಲಿಸಿದ್ದನ್ನೇ ಕಲಿತಿದ್ದ. ಹೀಗಾದರೆ ನಾಯಿಯನ್ನು ಬೈಯಬೇಡಿ. ಒಂದು ಹಂತ ಹಿಂದೆ ಹೋಗಿ, ಕಾಲು ಚಾಪೆಗೆ ತಾಗುತ್ತಿರುವಾಗಲೇ ಒತ್ತಿ.

ಇನ್ನು ಬೊಗಳುವ ವಿಷಯ. ಹತ್ತು ಸಲ ಬೊಗಳಿದರೆ ಒಂದು ಸಲ ಸೋತು ತುತ್ತು ಹಾಕುತ್ತಿದ್ದೆ. ಅದೇ ದೊಡ್ಡ ತಪ್ಪು. ಯಾಕೆ ಅಂತ ಸ್ಕಿನ್ನರ್ ಅವರ ಇಲಿಗಳ ಪ್ರಯೋಗ ಹೇಳುತ್ತದೆ. ಡಬ್ಬಿಯೊಳಗಿನ ಒಂದು ಸನ್ನೆಕೋಲನ್ನು (ಲಿವರ್) ಒತ್ತಿದರೆ ಇಲಿಗೆ ಆಹಾರದ ಗುಳಿಗೆ ಸಿಗುತ್ತಿತ್ತು. ಆ ಗುಳಿಗೆಗಳನ್ನು ಸ್ಕಿನ್ನರ್ ಕೈಯಲ್ಲೇ ಮಾಡಬೇಕಿತ್ತು. ಒಂದು ಶನಿವಾರ ಅವು ಮುಗಿಯುತ್ತಾ ಬಂದವು. ಪ್ರತಿ ಸಲ ಸನ್ನೆಕೋಲು ಒತ್ತಿದಾಗಲೂ ಕೊಡುವ ಬದಲು ನಿಮಿಷಕ್ಕೆ ಒಂದೇ ಕೊಟ್ಟರು. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನದಿಂದ ಹುಟ್ಟಿದ ಅಭ್ಯಾಸ ಬೇಗ ಅಳಿಯುವುದಿಲ್ಲ ಅಂತ ಅವರ ಮುಂದಿನ ಕೆಲಸ ತೋರಿಸಿಕೊಟ್ಟಿತು. ಕರಿಯನ ಹಟಕ್ಕೆ ನೀರೆರೆದವಳು ನಾನೇ, ಅಲ್ವಾ?

ಹಾಗಾಗಿ ಬೊಗಳಿದ್ದಕ್ಕೆ ತುತ್ತು ಪೂರ್ತಿ ನಿಲ್ಲಿಸಿ. ಮನೆಯವರೆಲ್ಲರೂ ನಿಲ್ಲಿಸಬೇಕು. ಮೊದಲು ಬೊಗಳುವುದು ಜಾಸ್ತಿಯೇ ಆಗಬಹುದು. ಆಗ ಸೋತರೆ ಮುಂದಿನ ಸಲ ಇನ್ನೂ ಜೋರಾಗುತ್ತದೆ.

ನಾಯಿ ತಾನಾಗಿ ಹೋಗಿ ಮಲಗುವಂತಾದ ಮೇಲೆ, ಅದು ಹೊರಡುವ ಮುಂಚೆ ‘ಚಾಪೆ’ ಅನ್ನಿ. ಮಾತು ಮತ್ತು ಕೆಲಸ ಕೂಡಿಕೊಂಡ ಮೇಲೆ ಮಲಗಿರುವ ಹೊತ್ತನ್ನು ಐದು ಸೆಕೆಂಡ್, ಹತ್ತು, ಅರ್ಧ ನಿಮಿಷ ಅಂತ ಬೆಳೆಸಿ. ಆಮೇಲೆ ಪ್ರತಿ ಸಲ ಚೂರು ಕೊಡಬೇಡಿ. ಎರಡು ಸಲಕ್ಕೊಮ್ಮೆ, ಒಮ್ಮೊಮ್ಮೆ ಐದು ಸಲಕ್ಕೊಮ್ಮೆ ಕೊಡಿ. ಬೊಗಳುವುದನ್ನು ಗಟ್ಟಿ ಮಾಡಿದ್ದ ಅದೇ ಲೆಕ್ಕ ಈಗ ಚಾಪೆಯನ್ನು ಗಟ್ಟಿ ಮಾಡುತ್ತದೆ.